ಪೂಜೆಗೆ ಇಡದ ದಡಿಗಳು

ಮನೆ ಎರಡಾಗುವ ಮಾತು ಎದ್ದ ದಿನದಿಂದ ನನ್ನ ಇಬ್ಬರು ಅಣ್ಣಂದಿರು ಎಲ್ಲದಕ್ಕೂ ಜಗಳವಾಡಿದರು. ಬಚ್ಚಲ ಹಂಡೆಗೆ, ನಳದ ನೀರಿಗೆ, ಕೊನೆಗೆ ಅಪ್ಪನ ಫೋಟೋಕ್ಕೆ ಕೂಡ. ಒಂದೇ ಒಂದು ವಿಷಯಕ್ಕೆ ಜಗಳವಾಡಲಿಲ್ಲ. ಅದು ನಾನು.

“ಪಂಚಿಂಗ್ ಖೋಲಿ ಯಾರ ಪಾಲಿಗೆ ಬರ್ತೈತೋ ಮಂಗಲಾ ಅವರ ಕಡೆ,” ಅಂದ ದೊಡ್ಡಣ್ಣ ಸುಭಾಷ್.

“ಆತು. ಮಷಿನ್ ತಗೊಂಡ್ರ ಮೂಗಿ ಫುಕಟ್,” ಅಂದ ಸಣ್ಣಣ್ಣ ಸಾತಪ್ಪ.

ಇಬ್ಬರೂ ನಕ್ಕರು. ಒಂದೂವರೆ ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡದವರು ಅವತ್ತು ಕೂಡಿ ನಕ್ಕರು. ಅಡುಗೆಮನೆಯಲ್ಲಿ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಒಲೆಯ ಮುಂದಿದ್ದ ಅವ್ವನಿಗೂ ಕೇಳಿಸಿತು. “ಹಿಟ್ಟು ಒಣಗಾಕತ್ತೈತಿ, ನೀರ ಹಾಕು,” ಅಂದಳು.

ಸಾತಪ್ಪ ನನ್ನನ್ನು ಸಣ್ಣಂದಿನಿಂದ ಮೂಗಿ ಅಂತಲೇ ಕರೆಯುತ್ತಾನೆ. ನನಗೆ ಮಾತು ಬರುತ್ತದೆ. ಆ ಮನೆಯಲ್ಲಿ ಅದರ ಗಿರಾಕಿ ಇರಲಿಲ್ಲ, ಅಷ್ಟೇ.

ನಮ್ಮದು ರಬಕವಿ. ಇಲ್ಲಿ ಹೊಳೆಯ ಸದ್ದಿಗಿಂತ ಮಗ್ಗದ ಸದ್ದು ದೊಡ್ಡದು. ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಹೂವೋ ನವಿಲೋ ಮೂಡಬೇಕಾದರೆ ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ತಿರುಗಬೇಕು. ಎಲ್ಲಿ ತೂತಿದೆ, ಎಲ್ಲಿ ಇಲ್ಲ ಅನ್ನುವುದರ ಮೇಲೆ ನೂಲು ಏಳುತ್ತದೆ, ಇಳಿಯುತ್ತದೆ. ಆ ಕಾರ್ಡುಗಳಿಗೆ ತೂತು ಹೊಡೆಯುವುದೇ ಪಂಚಿಂಗ್. ಮೊದಲು ಗ್ರಾಫ್ ಹಾಳೆ ನೋಡಿ ಕೈಯಿಂದ ಹೊಡೆಯುತ್ತಿದ್ದರು. ಅಪ್ಪ ಬದುಕಿದ್ದಾಗ ಒಂದು ಕಂಪ್ಯೂಟರು, ಒಂದು ಪಂಚಿಂಗ್ ಮಷಿನ್ ತಂದ. ದಡಿಯನ್ನು ಕಂಪ್ಯೂಟರಿನಲ್ಲಿ ಬರೆದು ಫ್ಲಾಪಿಯಲ್ಲಿ ಇಳಿಸಬೇಕು. ಫ್ಲಾಪಿಯನ್ನು ಮಷಿನ್ ಬಾಯಿಗೆ ಕೊಟ್ಟರೆ ಅದೇ ಓದಿಕೊಂಡು ಕಾರ್ಡು ಹೊಡೆಯುತ್ತದೆ. ಒಂದು ಫ್ಲಾಪಿಗೆ ಒಂದು ದಡಿ. ಒಮ್ಮೆ ಕರೆಂಟು ಏರಿಳಿದು ಕಂಪ್ಯೂಟರಿನ ಒಳಗಿದ್ದದ್ದೆಲ್ಲ ಸುಟ್ಟುಹೋದ ಮೇಲೆ ಆ ಫ್ಲಾಪಿಗಳೇ ನಮ್ಮ ಬಿತ್ತುವ ಬೀಜ. ಒಂದು ದೊಡ್ಡ ಬಿಸ್ಕಿಟ್ ಡಬ್ಬಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ ಇಟ್ಟಿದ್ದೆವು.

ಅವನ್ನು ಬರೆದವಳು ನಾನು. ಅಪ್ಪ ಸತ್ತ ವರ್ಷ ಏಳನೇ ಇಯತ್ತೆಗೆ ಸಾಲಿ ಬಿಡಿಸಿ ನನ್ನನ್ನು ನೂಲಿನ ಕಂಡಿಕೆ ಸುತ್ತಲು ಕೂಡಿಸಿದರು. ಆಗ ಮುಧೋಳದ ಒಬ್ಬ ಡಿಜೈನಿನವನು ನಮ್ಮಲ್ಲಿ ಕೆಲಸಕ್ಕಿದ್ದ. ಕಸ ಗುಡಿಸುವಾಗ, ಚಹಾ ಕೊಡುವಾಗ ಅವನ ಕೈ ನೋಡುತ್ತಿದ್ದೆ. ಅವನು ಸುಭಾಷಣ್ಣನ ಜೊತೆ ಜಗಳವಾಡಿ ಬಿಟ್ಟುಹೋದ ಮರುದಿನ ನಾನು ಆ ಕುರ್ಚಿಯಲ್ಲಿ ಕೂತೆ. ಯಾರೂ ಕೂಡು ಅನ್ನಲಿಲ್ಲ, ಏಳು ಅಂತಲೂ ಅನ್ನಲಿಲ್ಲ. ಮಾರವಾಡಿಗಳ ಅಂಗಡಿಯಲ್ಲಿ ಆ ದಡಿಗಳಿಗೆ ‘ಸುಭಾಷ್ ದಡಿ’ ಅಂತ ಹೆಸರಾಯಿತು.

ನಾನು ಮೊದಲು ಬರೆದದ್ದು ಜೋಳದ ತೆನೆಯ ದಡಿ. ತೆನೆಯ ಒಂದೊಂದು ಕಾಳೂ ಬೇರೆ ಬೇರೆ ಕಾಣುವ ಹಾಗೆ ಬರೆದಿದ್ದೆ. ಹೊಳೆ ದಂಡೆಯ ಊರು, ಬ್ಯಾರೇಜಿನಲ್ಲಿ ನೀರು ನಿಲ್ಲಿಸಿದಾಗಿನಿಂದ ಗೋಡೆಗಳಿಗೆ ಸದಾ ತೇವ. ಒಂದು ಮಳೆಗಾಲ ಕಳೆದು ಆ ಫ್ಲಾಪಿ ಹಾಕಿದರೆ ಮಷಿನ್ ಕರಕರ ಅಂತು, ಉಗುಳಿತು. ತಗಡಿನ ಮುಚ್ಚಳ ಸರಿಸಿ ನೋಡಿದರೆ ಒಳಗಿನ ಕರಿ ಹಾಳೆಗೆ ಬೂಸರು ಹತ್ತಿತ್ತು.

“ಅಳ್ತಿ ಯಾಕ? ಫ್ಲಾಪಿ ಸತ್ತೈತಿ, ಗಂಡ ಸತ್ತಿಲ್ಲ,” ಅಂದಿದ್ದ ಸಾತಪ್ಪ.

ಆ ದಡಿ ಮತ್ತೆ ಬರಲಿಲ್ಲ. ಎಷ್ಟೋ ಸಲ ಬರೆಯಲು ಕೂತೆ. ತೆನೆ ಬಂತು, ಆ ತೆನೆ ಬರಲಿಲ್ಲ.

ಅಮಾಸೆಗೊಮ್ಮೆ ನಮ್ಮಲ್ಲಿ ಮಗ್ಗ ನಿಲ್ಲಿಸುತ್ತಾರೆ. ಆ ಫ್ಲಾಪಿ ಕೆಟ್ಟ ಮೇಲೆ ಬಂದ ಅಮಾಸೆಗೆ, ಗುಡಿಗೆ ಹೋಗುತ್ತೇನೆ ಅಂತ ಹೇಳಿ, ಓಢಣಿಯ ಒಳಗೆ ನಾಲ್ಕು ಫ್ಲಾಪಿ ಇಟ್ಟುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಅಂಗಡಿಗೆ ಹೋದೆ. ಅಲ್ಲಿ ಪೂನಮ್ ಇದ್ದಳು. ನನ್ನ ಸಾಲಿಯ ಗೆಳತಿ, ಚಿಮ್ಮಡದ ಕುರಿಯವರ ಮನೆಯ ಹುಡುಗಿ. ಸೋದರಮಾವನ ಅಂಗಡಿ ನೋಡಿಕೊಳ್ಳುತ್ತಿದ್ದಳು.

“ಏನ ಬೇ, ಈ ಹಳೇ ಹಪ್ಪಳ ಹಿಡಕೊಂಡು ಎಲ್ಲಿ ಅಡ್ಡಾಡಾಕತ್ತಿ?” ಅಂದಳು.

“ಇದರಾಗ ಇದ್ದದ್ದು ಸಾಯಾಕತ್ತೈತಿ.”

“ಸಾಯದ ಏನ ಮಾಡೀತು! ನಮ್ಮ ಮಾವ ಇಂಥಾವನ್ನ ಅಲುಗಾಡೋ ಮೇಜಿನ ಕಾಲಿಗೆ ಒತ್ತು ಕೊಡ್ತಾನ. ತಾ ಇಲ್ಲೆ.”

ಅವಳ ಅಂಗಡಿಯಲ್ಲಿ ಫ್ಲಾಪಿ ತಿನ್ನುವ ಕಂಪ್ಯೂಟರ್ ಒಂದೇ ಉಳಿದಿತ್ತು. ಅದರಲ್ಲಿ ಹಾಕಿ ತೆಗೆದಳು. ಕಿರುಬೆರಳಷ್ಟು ಪೆನ್ ಡ್ರೈವ್ ತೋರಿಸಿ, “ನಿನ್ನ ಡಬ್ಬಿಗೆ ಡಬ್ಬೀನ ಇದರಾಗ ಕುಂದರ್ತೈತಿ,” ಅಂದಳು.

“ಇದು ಕಳದ್ರ?”

“ಅದಕ್ಕ ಮೇಲ್‌ನ್ಯಾಗೂ ಹಾಕೂದು. ನಮ್ಮಪ್ಪ ಅಷ್ಟೂ ಕುರಿ ಒಂದ ಹಟ್ಟ್ಯಾಗ ಕೂಡಂಗಿಲ್ಲ, ತೋಳ ಬಂದ್ರ ಒಮ್ಮೆಲೆ ಖಾಲಿ ಅಂತಾನ. ನಿನಗಂತೂ ಅಂವಗಿಂತ ಛಲೋ. ಒಂದ ಕುರಿ ಮೂರ ಹಟ್ಟ್ಯಾಗ ಕಟ್ಟಬಹುದು.”

ನನ್ನ ಹೆಸರಿನಲ್ಲಿ ಒಂದು ಮೇಲ್ ಮಾಡಿದಳು. “ಕೀಲಿ ಮಾತು ಒಂದು ಬೇಕು. ನಿನಗ ಎಂದೂ ಮರೀಬಾರದು, ಮಂದಿಗೆ ಎಂದೂ ಹೊಳೀಬಾರದು.”

ನಾನು ವಿಚಾರ ಮಾಡಲಿಲ್ಲ. ಇಂಗ್ಲಿಷ್ ಅಕ್ಷರ ಒಂದೊಂದೇ ಹುಡುಕಿ ಒತ್ತಿದೆ: ಸಾವಿತ್ರಿಸೊಕ್ಕು. ಸಾವಿತ್ರಿ ಅಂದರೆ ಸುಭಾಷಣ್ಣನ ಹೆಂಡತಿ, ನನ್ನ ವೈನಿ. ಪರದೆಯ ಮೇಲೆ ಬರೀ ಚುಕ್ಕಿ ಬಿದ್ದವು. ಪೂನಮ್ ನನ್ನ ಬೆರಳು ನೋಡುತ್ತಿದ್ದಳು. ನಕ್ಕು ನಕ್ಕು ಕೆಮ್ಮಿದಳು. “ಬೀರಪ್ಪನ ಆಣಿ ಮಂಗಲಾ, ಇದನ್ನ ಯಾರ ಅಪ್ಪನ ಕೈಲೂ ಮುರಿಯೂದು ಆಗಾಂಗಿಲ್ಲ.”

ಅವಳೊಂದು ಹಳೆಯ ಪೆನ್ ಡ್ರೈವ್ ಕೊಟ್ಟಳು. ಬದಲಿಗೆ ಅವಳ ಅವ್ವನ ಸೀರೆಗಳಿಗೆ ಫಾಲ್ ಹಚ್ಚಿಕೊಟ್ಟೆ. ಆಮೇಲೆ ಅಮಾಸೆ ತಪ್ಪಿಸಲಿಲ್ಲ. ನೆಟ್ ಬಹಳ ನಿಧಾನ. ಒಂದು ದಡಿ ಹೋಗುವಷ್ಟರಲ್ಲಿ ಚಹಾ ಆರಿ ಕೆನೆ ಕಟ್ಟುತ್ತಿತ್ತು. ಆದರೂ ವರ್ಷ ತಿರುಗುವುದರೊಳಗೆ ಡಬ್ಬಿಯಲ್ಲಿ ಇದ್ದದ್ದೆಲ್ಲ ಮೇಲ್‌ನಲ್ಲಿ ಇತ್ತು, ನನ್ನ ಟ್ರಂಕಿನ ತಳದಲ್ಲಿ ಹಳೆಯ ಪಾಟಿಚೀಲದೊಳಗೂ ಇತ್ತು.

ಪಾಲಿನ ಮಾತು ನಡೆದದ್ದು ಎರಡು ಸಾವಿರದ ಒಂಬತ್ತರಲ್ಲಿ. ದೀಪಾವಳಿ ಪಾಡ್ಯ ಮುಗಿದ ಮೇಲೆ ಪಾಲು ಅಂತ ನಿಕ್ಕಿಯಾಯಿತು. ಅದಕ್ಕೂ ಮೊದಲು ಖಂಡೇಪೂಜೆ ಬಂತು.

ಖಂಡೇಪೂಜೆಯ ದಿನ ಮಗ್ಗ, ಲಾಳಿ, ಕತ್ತರಿ, ಮಷಿನ್ ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚುತ್ತೇವೆ. ಪ್ರತಿ ವರ್ಷ ಒಂದು ತಾಸಿನ ಕೆಲಸ. ಆ ವರ್ಷ ಸಾವಿತ್ರಿ ವೈನಿ ಮುಂಜಾನೆಯಿಂದ ತಾಟು ಹಿಡಿದು ಮನೆಯೆಲ್ಲ ತಿರುಗಿದಳು. ಸುತ್ತಿಗೆಗೆ ಹಚ್ಚಿದಳು, ಎಣ್ಣೆಡಬ್ಬಿಗೆ ಹಚ್ಚಿದಳು, ಸಾತಪ್ಪನ ಖೋಲಿಗೆ ನುಗ್ಗಿ ಅವನ ಹೆಂಡತಿ ಶೀತಲ್ ಜಮಖಂಡಿಯ ತವರಿನಿಂದ ತಂದ ಹೊಲಿಗೆ ಮಷಿನ್‌ಗೂ ಬೊಟ್ಟಿಟ್ಟಳು.

“ಅದು ನಂದು ಅಕ್ಕಾ,” ಅಂದಳು ಶೀತಲ್. ಮದುವೆಯಾಗಿ ಬಂದು ವರ್ಷ ಆಗಿರಲಿಲ್ಲ.

“ನಂದು ನಿಂದು ಅನ್ನೂದು ದೇವರ ಮುಂದ ಇಲ್ಲ ತಂಗಿ. ಖಂಡೇಪೂಜಿಗೆ ಇಟ್ಟದ್ದು ಮನೀದು. ಕೇಳ ಬೇಕಾರ ಕಾಕಾನ್ನ.”

ಕಾಕಾ ಅಂದರೆ ಶಿವಯೋಗೆಪ್ಪ ಕಾಕಾ, ಅಪ್ಪನ ಚಿಕ್ಕಪ್ಪನ ಮಗ, ನಮ್ಮ ಪಾಲು ಮಾಡಿಸಬೇಕಾದ ಹಿರಿಯ. ಪ್ರಸಾದಕ್ಕೆ ಬಂದು ಕೂತಿದ್ದ. ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಾ ಹೇಳಿದ: “ಖರೆ ಮಾತು. ಪೂಜಿಗೆ ಇಟ್ಟಾರ ಅಂದಮ್ಯಾಲ ಮನೀದು. ಇಡದ್ದು ಮನೀದಲ್ಲ. ಹಿರ್ಯಾರು ಮಾಡಿದ್ದು.”

ಶೀತಲ್ ಕಣ್ಣೊರೆಸಿಕೊಂಡು ಒಳಗೆ ಹೋದಳು. ಸಾತಪ್ಪ ಹಲ್ಲು ಕಡಿದ. ವೈನಿಯ ಮನಸ್ಸಿನಲ್ಲಿ ಇದ್ದದ್ದು ಪೂಜೆಯಲ್ಲ ಅಂತ ಎಲ್ಲರಿಗೂ ಗೊತ್ತು. ಯಾವುದನ್ನೂ ಸಾತಪ್ಪ ನಾಳೆ ‘ಇದು ನನ್ನ ಸ್ವಂತದ್ದು’ ಅನ್ನಬಾರದು, ಅದಕ್ಕೆ ಎಲ್ಲದಕ್ಕೂ ಗುರುತು ಹಾಕುತ್ತಿದ್ದಳು. ಗುರುತಿನ ಹೆಸರು ಕುಂಕುಮ.

ಪಂಚಿಂಗ್ ಖೋಲಿಗೆ ಬಂದಳು. ಬಿಸ್ಕಿಟ್ ಡಬ್ಬಿ ಕೆಳಗಿಳಿಸಿದಳು. ಪ್ರತಿ ವರ್ಷ ಡಬ್ಬಿಯ ಮುಚ್ಚಳಕ್ಕೆ ಒಂದು ಬೊಟ್ಟು ಇಟ್ಟರೆ ಮುಗಿಯುತ್ತಿತ್ತು. ಅವತ್ತು ಮುಚ್ಚಳ ತೆಗೆದಳು.

“ವೈನಿ, ಅವಕ್ಕ ಹಚ್ಚಬ್ಯಾಡ್ರಿ. ಹಾಳಾಗ್ತಾವ,” ಅಂದೆ.

ಅವಳು ತಿರುಗಿ ನೋಡಿದಳು. “ಈಬತ್ತಿ ಹಚ್ಚಿದ್ರ ಹಾಳಾಗ್ತಾವಂತ! ಕೇಳಿದೇನ ಅತ್ತಿ, ನಿನ್ನ ಮಗಳ ಮಾತು?”

ಅವ್ವ ಬಾಗಿಲಲ್ಲಿ ನಿಂತು ನನಗೇ ಗದರಿದಳು. “ದೇವರ ಕೆಲಸಕ್ಕ ಅಡ್ಡ ಬರಬ್ಯಾಡ. ನಾಲಿಗಿ ಸುಟ್ಟೀತು.”

ವೈನಿ ಒಂದೊಂದೇ ಫ್ಲಾಪಿ ತೆಗೆದಳು. ತಗಡಿನ ಮುಚ್ಚಳ ಬೆರಳಿನಿಂದ ಸರಿಸಿದಳು. “ಕಸುಬು ಇರೂದು ಒಳಗಲ್ಲೇನ? ಮ್ಯಾಲ ಹಚ್ಚಿದ್ರ ದೇವರಿಗೆ ಹೆಂಗ ಮುಟ್ಟೀತು?” ನೀರಿನಲ್ಲಿ ಕಲಸಿದ ವಿಭೂತಿಯನ್ನು ಒಳಗಿನ ಕರಿ ಹಾಳೆಗೇ ಒರೆಸಿದಳು, ಅದರ ಮೇಲೆ ಕುಂಕುಮ ಒತ್ತಿದಳು. ಒಂದನ್ನೂ ಬಿಡಲಿಲ್ಲ. ನಾನು ಎರಡನೇ ಸಲ ಹೇಳಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತು ನೋಡಿದೆ. ನನ್ನ ಮಾವಿನಕಾಯಿ ದಡಿ, ನನ್ನ ಗೋಪುರದ ದಡಿ, ನನ್ನ ಬಾತುಕೋಳಿ ದಡಿ. ಒಂದೊಂದರ ಬಾಯಿಗೂ ಬೂದಿ ಬಿತ್ತು.

ದಸರೆಯ ಸಂಜೆ ಬನ್ನಿ ಕೊಟ್ಟುಕೊಂಡರು. ಸುಭಾಷಣ್ಣ ಸಾತಪ್ಪನ ಕೈಯಲ್ಲಿ ಎಲೆ ಇಟ್ಟು, “ನಾವೂ ನೀವೂ ಬಂಗಾರದಂಗ ಇರೂಣು,” ಅಂದ. ಸಾತಪ್ಪ ಅಣ್ಣನ ಕಾಲು ಮುಟ್ಟಿದ. ಇಬ್ಬರೂ ಒಬ್ಬರ ಕಣ್ಣು ಒಬ್ಬರು ನೋಡಲಿಲ್ಲ.

ಮರುದಿನ ಸುಭಾಷಣ್ಣ ಒಬ್ಬನೇ ಪಂಚಿಂಗ್ ಖೋಲಿಗೆ ಬಂದ. ನಾನು ಹಿಂದಿನ ಹಿತ್ತಲಲ್ಲಿ ಅರಿವೆ ಒಣಗಹಾಕುತ್ತಿದ್ದೆ. ಕಿಡಕಿ ತೆರೆದಿತ್ತು. ಒಂದು ಫ್ಲಾಪಿ ಮಷಿನ್‌ಗೆ ಕೊಟ್ಟ. ಕರಕರ. ಇನ್ನೊಂದು ಕೊಟ್ಟ. ಕರಕರ. ಹೊರತೆಗೆದು ಮುಚ್ಚಳ ಸರಿಸಿ, ಕುಂಕುಮ ನೋಡಿ, ಉಗುರಿನಿಂದ ಕೆರೆದ. ನಾನು ಅವನ ಮುಖ ನೋಡುತ್ತಿದ್ದೆ. ಮೊದಲು ಬಿಳಿಚಿಕೊಂಡಿತು. ಆಮೇಲೆ ಏನೋ ಹೊಳೆದವನ ಹಾಗೆ ಮೆಲ್ಲಗೆ ಬಣ್ಣ ತಿರುಗಿತು. ಎಲ್ಲವನ್ನೂ ಇದ್ದ ಹಾಗೆ ಜೋಡಿಸಿ, ಡಬ್ಬಿ ಮುಚ್ಚಿ, ಧೂಳು ಒರೆಸಿ ಮೇಲಿಟ್ಟ. ವೈನಿಯನ್ನು ಕರೆದು ಕಿವಿಯಲ್ಲಿ ಏನೋ ಹೇಳಿದ. ವೈನಿ ಬಾಯಿಗೆ ಸೆರಗು ಒತ್ತಿಕೊಂಡಳು. ಪಾಲಾಗುವ ತನಕ ಮಷಿನ್ ಯಾರೂ ಮುಟ್ಟಬಾರದು ಅಂತ ಸುಭಾಷಣ್ಣ ಅವತ್ತೇ ಮನೆಯಲ್ಲಿ ಹೇಳಿಬಿಟ್ಟ.

ಸಾತಪ್ಪನಿಗೆ ಹೇಳಬಹುದಿತ್ತು. ‘ಮೂಗಿ ಫುಕಟ್’ ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಬಿಸಿ ಇತ್ತು. ಹೇಳಲಿಲ್ಲ.

ನಮ್ಮಲ್ಲಿ ಪಾಲಿಗೆ ಒಂದು ರೀತಿ ಇದೆ. ಹಿರಿಯವನು ಹಂಚಬೇಕು, ಕಿರಿಯವನು ಆರಿಸಬೇಕು. ಹಂಚುವವನಿಗೆ ಯಾವುದು ತನಗೆ ಉಳಿಯುತ್ತದೋ ಗೊತ್ತಿರುವುದಿಲ್ಲ, ಅದಕ್ಕೆ ಸರಿಯಾಗಿ ಹಂಚುತ್ತಾನೆ ಅಂತ ಹಿರಿಯರ ಲೆಕ್ಕ. ಪಾಡ್ಯ ಮುಗಿದ ಮೇಲೆ ಕಾಕಾ ಬಂದು ಪಡಸಾಲೆಯಲ್ಲಿ ಕೂತ. ಸುಭಾಷಣ್ಣ ಹಂಚಿದ. ಒಂದು ಕಡೆ ಮಗ್ಗಗಳು, ಮಗ್ಗದ ಶೆಡ್ಡು. ಇನ್ನೊಂದು ಕಡೆ ಪಂಚಿಂಗ್ ಖೋಲಿ, ಕಂಪ್ಯೂಟರು, ಮಷಿನ್, ಫ್ಲಾಪಿ ಡಬ್ಬಿ, ಮುಂದಿನ ಅಂಗಡಿ ಬಾಗಿಲು.

“ಮತ್ತ ಮಂಗಲಾ ಆ ಕಡೆ,” ಅಂದ. ಸ್ವಲ್ಪ ತಡೆದು, “ಶೀತಲ್‌ನ ಹೊಲಿಗಿ ಮಷಿನ್ನೂ ಆ ಕಡೀನ ಇಡ್ತೇನಿ. ಸಣ್ಣ ಹುಡುಗಿ, ಮನಸಿಗೆ ಹಚಗೊಂಡೈತಿ.”

ಸಾತಪ್ಪನ ಕಣ್ಣು ಡಬ್ಬಿಯ ಮೇಲಿತ್ತು. ಮಗ್ಗ ಯಾರ ಮನೆಯಲ್ಲೂ ಇವೆ. ದಡಿ ಎಲ್ಲರ ಮನೆಯಲ್ಲಿ ಇಲ್ಲ. ಅಣ್ಣ ದಡ್ಡನಾದ ಅಂತ ಅವನಿಗೆ ಒಳಗೊಳಗೇ ನಗು ಬರುತ್ತಿತ್ತು. ವೈನಿ ನೆಲ ನೋಡುತ್ತಿದ್ದಳು. ಸುಭಾಷಣ್ಣ ತನ್ನ ಮೊಣಕಾಲನ್ನು ತಾನೇ ಒತ್ತಿ ಹಿಡಿದಿದ್ದ.

“ನನಗ ಈ ಕಡೀದು,” ಅಂದ ಸಾತಪ್ಪ.

“ಆರಿಸಿದ ಮ್ಯಾಲ ತಿರಗಿ ಮಾತಿಲ್ಲ ನೋಡ,” ಅಂದ ಕಾಕಾ.

“ಇಲ್ಲ ಕಾಕಾ.”

ಮರುದಿನ ಮುಂಜಾನೆ ಸಾತಪ್ಪ ಊದಿನಕಡ್ಡಿ ಹಚ್ಚಿ ಮಷಿನ್ ಚಾಲೂ ಮಾಡಿದ. ಮದುವೆಯ ಸುಗ್ಗಿಗೆ ಮಾವಿನಕಾಯಿ ದಡಿಯ ಕಾರ್ಡು ಕೇಳಿ ಬನಹಟ್ಟಿಯಿಂದ ಗಿರಾಕಿ ಬಂದು ಕೂತಿದ್ದ. ಕರಕರ ಸದ್ದು ಅಡುಗೆಮನೆಗೆ ಕೇಳಿಸಿತು. ಮತ್ತೆ, ಮತ್ತೆ. ಗಿರಾಕಿ ಎದ್ದು ಹೋದ ಸದ್ದೂ ಕೇಳಿಸಿತು. ಆಮೇಲೆ ಡಬ್ಬಿ ನನ್ನ ಕಾಲ ಬಳಿ ಬಂದು ಬಿತ್ತು. ಫ್ಲಾಪಿಗಳು ಒಲೆಯ ತನಕ ಚೆಲ್ಲಾಡಿದವು.

“ಲೇ ಮೂಗಿ! ಏನ ಮಾಡಿಟ್ಟಿ ಇವಕ್ಕ?”

ನನ್ನ ಜಡೆ ಅವನ ಮುಷ್ಟಿಯಲ್ಲಿತ್ತು. ನಾನು ಒಂದು ಫ್ಲಾಪಿ ಎತ್ತಿ, ತಗಡು ಸರಿಸಿ ತೋರಿಸಿದೆ. ಒಣಗಿದ ವಿಭೂತಿ ಪುಡಿಪುಡಿಯಾಗಿ ಅವನ ಕೈಮೇಲೆ ಉದುರಿತು.

ಮತ್ತೆ ಕಾಕಾನನ್ನು ಕರೆಸಿದರು. ಈ ಸಲ ಯಾರೂ ಚಾಪೆ ಹಾಸಲಿಲ್ಲ.

“ಗೊತ್ತಿದ್ದ ಕೊಟ್ಟಾನ ಕಾಕಾ! ಹೆಣಾ ಅಂತ ಗೊತ್ತಿದ್ದ ನನ್ನ ಹೆಗಲ ಮ್ಯಾಲ ಹೊರಿಸ್ಯಾನ!” ಸಾತಪ್ಪನ ಬಾಯಿಂದ ಉಗುಳು ಸಿಡಿಯುತ್ತಿತ್ತು.

“ಆರಿಸಿದಂವ ನೀನ,” ಅಂದ ಸುಭಾಷಣ್ಣ.

“ಹಚ್ಚಿದಾಕಿ ನಿನ್ನ ಹೇಣ್ತಿ!”

ವೈನಿ ಎದ್ದು ನಿಂತಳು. “ಹೌದು, ಹಚ್ಚೀನಿ. ಪೂಜಿ ಮಾಡೀನಿ. ಖಂಡೇಪೂಜಿ ಮಾಡಿದ್ದು ತಪ್ಪಂತ ಯಾರ್ ಅಂತೀರಿ, ಅನ್ರಿ. ದೇವರ ಜಗಲಿ ಮುಂದ ನಿಂತು ಅನ್ರಿ ನೋಡೂಣು!”

ಕಾಕಾ ತಲೆ ಕೆರೆದುಕೊಂಡ. ಅವನ ಕಣ್ಣು ಸುತ್ತಿ ಸುತ್ತಿ ನನ್ನ ಮೇಲೆ ಬಂದು ನಿಂತಿತು.

“ಫ್ಲಾಪಿ ಹೋದ್ರ ಹೋಗ್ಲಿ. ಬರದಾಕಿ ಇಲ್ಲೇ ಅದಾಳಲ್ಲ. ಒಂದ ವರ್ಷ ಕುಂತು ಎಲ್ಲಾ ತಿರಗಿ ಬರೀಲಿ. ಸಾತಪ್ಪಗೂ ಬರೀಲಿ, ಸುಭಾಷಗೂ ಬರೀಲಿ. ಆಮ್ಯಾಲ ಎಲ್ಲ್ಯರ ವರಾ ನೋಡಿ ದಾಟಿಸಿದ್ರಾತು.”

“ಹಾಂ, ಇದು ಮಾತು,” ಅಂದ ಸುಭಾಷಣ್ಣ.

“ನನಗ ಮೊದಲು,” ಅಂದ ಸಾತಪ್ಪ.

“ಬರೀತಾಳ, ಬರೀದ ಏನ ಮಾಡ್ತಾಳ,” ಅಂದಳು ಅವ್ವ.

ಎರಡನೇ ಸಲ ಅವರೆಲ್ಲ ಒಂದಾಗಿದ್ದರು. ಎರಡನೇ ಸಲವೂ ನನ್ನ ವಿಷಯಕ್ಕೆ. ಕಾಲ ಬೆರಳು ನೋಡುತ್ತಾ ಹೇಳಿದೆ: “ಬರಿಯೂದು ಬ್ಯಾಡ. ಅದಾವ.”

“ಏನ ಅದಾವ?”

“ದಡಿ. ಅಷ್ಟೂ ಅದಾವ. ನಾ ಬ್ಯಾರೆ ಕಡೆ ಇಟ್ಟೀನಿ.”

ಕಾಕಾ ಕೂತಲ್ಲೇ ಮುಂದೆ ಬಾಗಿದ. ಆಮೇಲೆ ಎಲ್ಲರೂ ಒಮ್ಮೆಗೇ ಮಾತಾಡಿದರು. ವೈನಿ ಬಂದು ನನ್ನ ಗಲ್ಲ ಹಿಡಿದಳು. “ನಾ ಅಂದಿದ್ದಿಲ್ಲೇನ! ನಮ್ಮ ಮಂಗಲಾ ಬಂಗಾರ, ಬಂಗಾರ!” ಸಾತಪ್ಪ ಅವಳ ಕೈ ಸರಿಸಿದ. “ದೂರ ಸರಿ. ಪಂಚಿಂಗ್ ಖೋಲಿ ನಂದು, ಅದರ ದಡಿ ನನ್ನವು.” ಸುಭಾಷಣ್ಣ ಗಟ್ಟಿಯಾಗಿ, “ಪಾಲಿನ್ಯಾಗ ಇಟ್ಟದ್ದು ಫ್ಲಾಪಿ. ಇವು ಪಾಲಾಗಿಲ್ಲ. ಪಾಲಾಗದ್ದು ಇಬ್ಬರದೂ,” ಅಂದ.

“ಇವು ಮನೀವಲ್ಲ,” ಅಂದೆ.

“ಏನಂದಿ?”

ಮಾತು ನಿಲ್ಲಿಸಿದರೆ ಮತ್ತೆ ಬರುವುದಿಲ್ಲ ಅನ್ನಿಸಿತು. “ಖಂಡೇಪೂಜಿಗೆ ಇಟ್ಟದ್ದು ಮನೀದು, ಇಡದ್ದು ಮನೀದಲ್ಲ. ವೈನಿ ಅಂದ್ರು, ಕಾಕಾ ಹೌದಂದ್ರು. ಫ್ಲಾಪಿಗೆ ಪೂಜಿ ಆತು, ಅವು ನಿಮ್ಮವು, ತಗೋರಿ. ಇವಕ್ಕ ಯಾರೂ ಕುಂಕಮ ಹಚ್ಚಿಲ್ಲ.”

ಕಾಕಾನ ಮುಖ ನೋಡಬೇಕಿತ್ತು. “ಅದು… ಆವತ್ತಿನ ಮಾತು ಬ್ಯಾರೆ. ಅದು ಹೊಲಿಗಿ ಮಷಿನ್ ಮಾತು.”

“ಹೆಂಗ ಬ್ಯಾರೆ ಕಾಕಾ?” ಬಾಗಿಲ ಸಂದಿನಿಂದ ಶೀತಲ್ ಕೇಳಿದಳು. ಆ ಮನೆಗೆ ಬಂದ ಮೇಲೆ ಹಿರಿಯರನ್ನು ಅವಳು ಎದುರಿಗೆ ಕೇಳಿದ್ದು ಅದೊಂದೇ ಮಾತು. ಸಾತಪ್ಪ ತಿರುಗಿ ನೋಡಿದ, ಅವಳು ಸರಿದುಹೋದಳು.

ಕಾಕಾ ಟೋಪಿ ಹಾಕಿಕೊಂಡು ಎದ್ದ. “ನಿಮ್ಮ ಮನಿ ನಾಯಿ ಜಗಳದಾಗ ನನ್ನ ಮಾತಿಗೆ ಬಾಯಿ ಹಾಕತೀರೇನ? ಏನರ ಮಾಡ್ಕೊಂಡ ಹಾಳಾಗ್ರಿ,” ಅಂದ. ಅವ್ವ ತಂದ ಚಹಾ ಕುಡಿಯದೆ ಹೋದ.

ಅವನು ಮೆಟ್ಟಿಲು ಇಳಿಯುವುದೇ ತಡ, ಸಾತಪ್ಪ ನನ್ನ ಟ್ರಂಕು ಪಡಸಾಲೆಗೆ ಎಳೆದು ತಂದು ಬೋರಲು ಹಾಕಿದ. ನನ್ನ ಅರಿವೆಗಳ ಮೇಲೆ ಇಬ್ಬರೂ ಅಣ್ಣಂದಿರು ಕೂತು ಹುಡುಕಿದರು. ಪಾಟಿಚೀಲ ಸಿಕ್ಕಿತು. ಪೆನ್ ಡ್ರೈವ್ ಸಿಕ್ಕಿತು. ಇಬ್ಬರೂ ಅದಕ್ಕೆ ಕೈ ಹಾಕಿ ಎಳೆದಾಡಿದರು.

“ಬಿಡ ಲೇ, ಹಿರ್ಯಾಂವ ನಾನು!”

“ಹಿರಿತನ ನಿನ್ನೆ ತೋರಿಸಿದೆಲ್ಲ!” ಸಾತಪ್ಪ ಕೊಸರಿಕೊಂಡ. “ನನಗಿಲ್ಲ ಅಂದ್ರ ನಿನಗೂ ಇಲ್ಲ.” ಕಟ್ಟೆಯ ಮೇಲಿದ್ದ ಗುಂಡುಕಲ್ಲು ಎತ್ತಿ ಪೆನ್ ಡ್ರೈವ್ ಮೇಲೆ ಕುಕ್ಕಿದ. ಹಸಿರು ಚೂರುಗಳು ಹಾರಿದವು. ಸುಭಾಷಣ್ಣ ತಲೆ ಮೇಲೆ ಕೈ ಹೊತ್ತು ಕೂತ.

ನಾನು ಚೂರುಗಳನ್ನು ನೋಡುತ್ತಾ ನಿಂತಿದ್ದೆ. ಆ ಮನೆಯಲ್ಲಿ ನನ್ನ ಹಾಗೆ ಮಂದಿಯ ಮುಖ ನೋಡುವವಳು ಇನ್ನೊಬ್ಬಳಿದ್ದಳು ಅನ್ನುವುದನ್ನು ಮರೆತಿದ್ದೆ.

“ತಡೀರಿ,” ಅಂದಳು ವೈನಿ. “ಆಕಿ ಅಳವಲ್ಲಳು. ಅಂದು ಒಂದ ಫ್ಲಾಪಿ ಕೆಟ್ಟಾಗ ಎರಡ ದಿನ ಉಂಡಿದ್ದಿಲ್ಲ. ಇಂದು ಎಲ್ಲಾ ಹೋದ್ರೂ ಅಳವಲ್ಲಳು. ಇನ್ನೂ ಎಲ್ಲೋ ಐತಿ.”

ಮೂವರೂ ನನ್ನ ಸುತ್ತ ನಿಂತರು. ಹೇಳಿದೆ. ಮೇಲ್‌ನಲ್ಲಿ ಇದೆ, ಮನೆಯಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ ಅಂದೆ. ಸಾತಪ್ಪನಿಗೆ ಮೇಲ್ ಏನೆಂದು ಗೊತ್ತಿತ್ತು. “ಅದಕ್ಕ ಪಾಸವರ್ಡ್ ಇರ್ತೈತಿ. ಅದನ್ನ ಬಿಡಿಸ್ರಿ ಆಕಿ ಬಾಯಿಂದ,” ಅಂದ.

ವೈನಿ ನನ್ನ ಎರಡೂ ತೋಳು ಹಿಡಿದು ಅಲುಗಿಸಿದಳು. ಅವಳ ಮೂಗು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಬಂದಿತ್ತು. “ಹೇಳ! ಏನೈತಿ ಅದು? ಬಾಯಿ ಬಿಡ! ಏನೈತಿ ಆ ಮಾತು?”

ಅದು ನನ್ನ ನಾಲಿಗೆಯ ತುದಿಗೆ ಬಂತು. ಇಷ್ಟು ವರ್ಷ ಅವಳ ಮುಖದ ಮೇಲೆ ಅನ್ನಬೇಕೆಂದಿದ್ದ ಮಾತು ಅದೊಂದೇ, ಅದನ್ನೇ ಅವಳು ಕೇಳುತ್ತಿದ್ದಳು, ಗಟ್ಟಿಯಾಗಿ ಹೇಳು ಅನ್ನುತ್ತಿದ್ದಳು. ಅಂದಿದ್ದರೆ ಜನ್ಮದ ಹೊಟ್ಟೆಕಿಚ್ಚು ಆರುತ್ತಿತ್ತು. ದಡಿಗಳೂ ಹೋಗುತ್ತಿದ್ದವು. ನಾನು ಉಗುಳು ನುಂಗಿದೆ. ಅದರ ಜೊತೆ ಆ ಮಾತೂ ಒಳಗೆ ಹೋಯಿತು.

ಅವತ್ತು ನನಗೆ ಊಟ ಹಾಕಲಿಲ್ಲ. ಮಧ್ಯಾಹ್ನ ಇಳಿದ ಮೇಲೆ ಅವ್ವ ಬಂದು ಪಕ್ಕದಲ್ಲಿ ಕೂತಳು. ಕೈಯಲ್ಲಿ ರೊಟ್ಟಿ ಇತ್ತು, ಕೊಡಲಿಲ್ಲ.

“ಕೊಟ್ಟಬಿಡವಾ. ಅಣ್ಣಂದ್ರು ಅವರು. ನಾಳೆ ಮದವಿ ಆಗಿ ಹೋಗಾಕಿ, ನಿನಗ್ಯಾಕ ಬೇಕು ಅವು?”

“ಹೋಗೂವಾಗ ಒಯ್ಯಾಕ ನನ್ನ ಕಡೆ ಬ್ಯಾರೆ ಏನೈತಿ ಯವ್ವಾ?”

ಅವ್ವ ನನ್ನನ್ನು ನೋಡಲಿಲ್ಲ. ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದಳು. “ನಿಮ್ಮಪ್ಪ ಇದ್ದಿದ್ರ ಕಾಲ ಮುರೀತಿದ್ದ,” ಅಂದಳು. ಅಪ್ಪ ಎಂದೂ ನನ್ನ ಮೇಲೆ ಕೈ ಎತ್ತಿದವನಲ್ಲ. ಅದು ಅವಳಿಗೂ ಗೊತ್ತಿತ್ತು.

ಮರುದಿನ ಹಾಡಹಗಲು, ಮುಂದಿನ ಬಾಗಿಲಿನಿಂದ ಹೊರಟೆ. ಸಾತಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನ ಕೈಚೀಲ ಕಸಿದು ತಿರುವಿ ಹಾಕಿದ. ಒಂದು ಜೊತೆ ಅರಿವೆ, ಒಂದು ಬಾಚಣಿಗೆ ಬಿದ್ದವು.

“ಇಷ್ಟ ತಗೊಂಡು ಎಲ್ಲಿ ಹೊಕ್ಕಿ ಹೋಗು. ನಾಕ ದಿನದಾಗ ಬಂದು ಈ ಕಟ್ಟಿ ಮ್ಯಾಲ ಕುಂಡರದಿದ್ರ ಕೇಳು,” ಅಂದ.

ಬಾಚಣಿಗೆ ಎತ್ತಿಕೊಂಡೆ. ಒಳಗೆ ಯಾರೋ ಅಗುಳಿ ಹಾಕಿದ ಸದ್ದು ಬಂತು. ಅವ್ವನ ಕೈಯೋ ವೈನಿಯ ಕೈಯೋ ತಿಳಿಯಲಿಲ್ಲ.

ಪೂನಮ್ ನನ್ನನ್ನು ಬನಹಟ್ಟಿಗೆ ಕರೆದೊಯ್ದಳು. ಅಲ್ಲಿ ಗುರುಬಸವ್ವ ಅನ್ನುವ ವಿಧವೆ ಗಂಡನ ಡಿಜೈನ್ ಅಂಗಡಿ ನಡೆಸುತ್ತಿದ್ದಳು. ದಪ್ಪ ಕನ್ನಡಕ, ಒರಟು ಬಾಯಿ. ನನ್ನ ಊದಿದ ಕಣ್ಣು ನೋಡಿ, “ಅಳಾಕ ಬಂದಿದ್ರ ಹೊರಗ ಅತ್ತು ಬಾ. ಕೆಲಸಕ್ಕ ಬಂದಿದ್ರ ಕುಂಡ್ರು,” ಅಂದಳು.

ಕೂತೆ. ಅವಳ ಕಂಪ್ಯೂಟರಿನಲ್ಲಿ ಫ್ಲಾಪಿಗೆ ಬಾಯಿಯೇ ಇರಲಿಲ್ಲ. ನೆಟ್ ಹಚ್ಚಿ ಮೇಲ್ ತೆರೆದೆ. ಸಾವಿತ್ರಿಸೊಕ್ಕು ಅಂತ ಒತ್ತಿದೆ, ಈ ಸಲ ತಡವರಿಸದೆ. ಮಾವಿನಕಾಯಿ ಇಳಿಯಿತು, ಗೋಪುರ ಇಳಿಯಿತು, ಬಾತುಕೋಳಿ ಸಾಲಾಗಿ ಇಳಿದವು. ಗುರುಬಸವ್ವ ಕನ್ನಡಕ ಮೇಲೆ ಸರಿಸಿ ನೋಡಿದಳು. “ಇವು ಸುಭಾಷ್ ದಡಿ ಅಲ್ಲೇನ?”

“ಅಲ್ರಿ.”

ಅವಳು ಹಿಂದಿನ ಖೋಲಿಯ ಮೂಲೆಯಲ್ಲಿ ಹಾಸಿಗೆ ತೋರಿಸಿದಳು.

ವರ್ಷ ತಿರುಗಿತು. ಇದ್ದ ಕಾರ್ಡುಗಳು ಸವೆದು ಸುಭಾಷಣ್ಣನ ಮಗ್ಗಗಳು ಈಗ ಬರೀ ಗೀರಿನ ದಡಿ ನೇಯುತ್ತವಂತೆ. ಸಾತಪ್ಪ ಮಷಿನ್ ಮೇಲೆ ಗೋಣಿಚೀಲ ಹೊದಿಸಿದ್ದಾನಂತೆ. ಶೀತಲ್ ಪಂಚಿಂಗ್ ಖೋಲಿಯ ಬಾಗಿಲಲ್ಲಿ ಕೂತು ಜಂಪರ್ ಹೊಲಿಯುತ್ತಾಳಂತೆ, ಆ ಮನೆಯ ಒಲೆ ಉರಿಯುವುದು ಅದರಿಂದಲೇ ಅಂತೆ. ಯಾರೂ ನನ್ನನ್ನು ಕರೆಯಲು ಬರಲಿಲ್ಲ. ಅವ್ವ ಒಮ್ಮೆ ಬನಹಟ್ಟಿಗೆ ಯಾರದೋ ಮದುವೆಗೆ ಬಂದಿದ್ದಳು. ಅಂಗಡಿಯ ಎದುರಿಗೇ ಹಾದುಹೋದಳು. ಬೋರ್ಡು ಓದುವಷ್ಟು ಹೊತ್ತು ನಿಂತಳು. ಅವಳಿಗೆ ಓದಲು ಬರುವುದಿಲ್ಲ.

ಮತ್ತೆ ಖಂಡೇಪೂಜೆ ಬಂತು. ಗುರುಬಸವ್ವ ಮಡಿಯುಟ್ಟು ತಾಟು ಹಿಡಿದು ಬಂದಳು. ಕಂಪ್ಯೂಟರಿನ ಹಣೆಗೆ ವಿಭೂತಿ ಎಳೆದಳು, ಮಷಿನ್‌ಗೆ ಎಳೆದಳು, ಕುರ್ಚಿಯ ಬೆನ್ನಿಗೂ ಒಂದು ಬೊಟ್ಟಿಟ್ಟಳು. ನನ್ನ ಮುಂದೆ ಬಂದು ನಿಂತಳು. ನನ್ನ ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಹೊಸ ಪೆನ್ ಡ್ರೈವ್ ತೂಗುತ್ತಿತ್ತು.

“ಅದನ್ನೂ ತಾಟಿನ್ಯಾಗ ಇಡು.”

ನಾನು ಅದನ್ನು ಮುಷ್ಟಿಯಲ್ಲಿ ಮುಚ್ಚಿದೆ. “ಇದು ಬ್ಯಾಡ್ರಿ.”

“ಯಾಕ? ದೇವರಿಗೆ ಸೈತ ಕೊಡವಲ್ಲಿ?”

“ದೇವರಿಗೆ ಕೊಡ್ತೇನ್ರಿ. ಮನಿಗೆ ಕೊಡಾಂಗಿಲ್ಲ.”

ಕರ್ಪೂರ ಉರಿಯುತ್ತಿತ್ತು. ಅವಳು ನನ್ನ ಮುಷ್ಟಿ ನೋಡಿದಳು, ಮುಖ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಗುರುಬಸವ್ವ ತಾಟನ್ನು ಕತ್ತರಿಯ ಕಡೆ ತಿರುಗಿಸಿದಳು.